ಕೌಂಟ್‌ಡೌನ್ ಶುರುವಾಗುವ ಮುನ್ನ

1979ರ ಆಗಸ್ಟ್ 10. ಶ್ರೀಹರಿಕೋಟಾದಲ್ಲಿ ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಹಾರಲು ಸಜ್ಜಾಗಿ ನಿಂತಿತ್ತು. ಯೋಜನೆಯ ಹೊಣೆ ಎ.ಪಿ.ಜೆ. ಅಬ್ದುಲ್ ಕಲಾಂ ಅವರದು. ಎಣಿಕೆಯ ಕೊನೆಯ ಹಂತದಲ್ಲಿ ಕಂಪ್ಯೂಟರ್ ತಾನಾಗಿಯೇ ತಡೆ ಹಾಕಿತು. ಎಲ್ಲೋ ಏನೋ ಸರಿಯಿಲ್ಲ ಎಂದು ಪರದೆ ಹೇಳುತ್ತಿತ್ತು. ಕಲಾಂ ಅವರ ಹಿಂದೆ ಕುಳಿತಿದ್ದ ತಜ್ಞರು ಲೆಕ್ಕ ಹಾಕಿ ನೋಡಿದರು. ಸೋರಿಕೆ ಇದೆ, ಆದರೂ ಬೇಕಾದಷ್ಟು ಇಂಧನ ಉಳಿದಿದೆ, ಹಾರಿಸಬಹುದು ಎಂದರು. ಕಲಾಂ ಕಂಪ್ಯೂಟರಿನ ತಡೆಯನ್ನು ಬದಿಗಿಟ್ಟು ಹಾರಿಸಿದರು. ಮೊದಲ ಹಂತ ಸರಿಯಾಗಿಯೇ ಕೆಲಸ ಮಾಡಿತು, ಎರಡನೇ ಹಂತ ಹಿಡಿತ ತಪ್ಪಿತು, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು.

ಆಮೇಲಿನ ಕತೆ ನಮಗೆಲ್ಲ ಬಾಯಿಪಾಠ. ಇಸ್ರೊ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಅವತ್ತು ಪತ್ರಕರ್ತರ ಮುಂದೆ ತಾವೇ ಕುಳಿತು ವೈಫಲ್ಯದ ಹೊಣೆ ಹೊತ್ತರು. 1980ರ ಜುಲೈ 18ರಂದು ಅದೇ ಮಾದರಿಯ ವಾಹನ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಇದನ್ನು ಊರೂರಲ್ಲಿ, ಶಾಲೆ ಕಾಲೇಜುಗಳಲ್ಲಿ, ಮುಚ್ಚುಮರೆಯಿಲ್ಲದೆ ಹೇಳಿದರು. ಯಜಮಾನಿಕೆ ಎಂದರೆ ಏನು ಎಂದು ಕೇಳಿದವರಿಗೆ ಅವರು ಕೊಡುತ್ತಿದ್ದ ಉತ್ತರವೇ ಇದು.

ಅವರು ಅಷ್ಟೇ ಪ್ರಾಮಾಣಿಕವಾಗಿ ಹೇಳಿದ ಮೊದಲರ್ಧ ಮಾತ್ರ ನಮ್ಮ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಆ ಕೋಣೆಯಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ, ಅನುಭವಕ್ಕೂ ಇರಲಿಲ್ಲ. ಕೊರತೆ ಇದ್ದದ್ದು ಹೊತ್ತಿಗೆ. ವರ್ಷಗಟ್ಟಲೆ ದುಡಿದ ಕೆಲಸ ಕಣ್ಣೆದುರು ನಿಂತಿದೆ, ಗಡಿಯಾರ ಓಡುತ್ತಿದೆ, ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಿದ್ದಾರೆ. ಅಂಥ ಹೊತ್ತಿನಲ್ಲಿ 'ಮುಂದಕ್ಕೆ ಹೋಗೋಣ' ಎನ್ನುವ ಲೆಕ್ಕ ಬೇಗ ಕೂಡಿಬರುತ್ತದೆ. ಕೆಲಸದ ಜಾಗದಲ್ಲಿ ಒಳ್ಳೆಯ ತೀರ್ಮಾನ ತೆಗೆದುಕೊಳ್ಳುವುದು ಹೇಗೆ ಎಂದು ಯೋಚಿಸುವವರು ಆ ಗಳಿಗೆಯ ಧೈರ್ಯಕ್ಕಿಂತ ಅದಕ್ಕೂ ಮುಂಚಿನ ತಯಾರಿಯನ್ನು ನೋಡಬೇಕು ಎಂಬುದು ನನ್ನ ನಂಬಿಕೆ.

ನಲವತ್ತು ವರ್ಷಗಳ ನಂತರ ಅದೇ ಶ್ರೀಹರಿಕೋಟಾದಲ್ಲಿ ಏನಾಯಿತು ನೋಡಿ. 2019ರ ಜುಲೈ 15ರ ನಸುಕಿನಲ್ಲಿ ಚಂದ್ರಯಾನ-2 ಹಾರಬೇಕಿತ್ತು. ರಾಷ್ಟ್ರಪತಿ ರಾಮನಾಥ ಕೋವಿಂದ್ ನೋಡಲು ಬಂದಿದ್ದರು. ದೇಶಕ್ಕೆ ದೇಶವೇ ಟಿ.ವಿ. ಮುಂದೆ ಎಚ್ಚರವಾಗಿತ್ತು. ಉಡಾವಣೆಗೆ 56 ನಿಮಿಷ 24 ಸೆಕೆಂಡು ಇರುವಾಗ ಎಣಿಕೆ ನಿಂತಿತು. ತಾಂತ್ರಿಕ ತೊಂದರೆ ಕಂಡಿದೆ, ಇವತ್ತು ಹಾರಿಸುವುದಿಲ್ಲ ಎಂದು ಇಸ್ರೊ ಹೇಳಿತು. ತೊಂದರೆ ಸರಿಪಡಿಸಿ ಅದೇ ತಿಂಗಳ 22ರಂದು ಹಾರಿಸಿತು. ರಾಷ್ಟ್ರಪತಿ ಎದುರಿಗಿರುವಾಗ 'ಇವತ್ತು ಬೇಡ' ಎನ್ನುವುದು ಸುಲಭದ ಮಾತಲ್ಲ. ಅದನ್ನು ಹೇಳಲು ಸಾಧ್ಯವಾಗುವುದು, ಯಾವ ಅಳತೆ ಎಷ್ಟು ದಾಟಿದರೆ ನಿಲ್ಲಬೇಕು ಎಂಬುದು ಬಹಳ ಮುಂಚೆಯೇ, ಯಾರ ಒತ್ತಡವೂ ಇಲ್ಲದ ದಿನ, ಕಾಗದದ ಮೇಲೆ ನಿಗದಿಯಾಗಿದ್ದರೆ. ಆಗ ನಿಲ್ಲಿಸುವವರು ಯಾರೊಬ್ಬರ ಮುಲಾಜಿಗೂ ಒಳಗಾಗಬೇಕಿಲ್ಲ. ಬರೆದಿಟ್ಟದ್ದನ್ನು ಪಾಲಿಸಿದರೆ ಸಾಕು.

ಇದು ರಾಕೆಟ್ಟಿಗೆ ಮಾತ್ರ ಸಲ್ಲುವ ಮಾತಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ದೊಡ್ಡ ಕಂಪನಿಯಿಂದ ಆರ್ಡರ್ ಬರುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಲಾಟ್ ಹೋಯಿತು, ಬಿಲ್ಲಿನ ಹಣ ಬರಲಿಲ್ಲ. ಎರಡನೆಯದನ್ನು ಕೇಳುತ್ತಿದ್ದಾರೆ. ಈಗ ನಿಲ್ಲಿಸಿದರೆ ಸಂಬಂಧ ಕೆಡುತ್ತದೆ, ಮೊದಲ ಹಣವೂ ಮುಳುಗಬಹುದು ಎಂಬ ಅಂಜಿಕೆ. ಕಳಿಸುತ್ತಾರೆ. ಮೂರನೆಯದನ್ನೂ ಕಳಿಸುತ್ತಾರೆ. ಮೊದಲ ಲಾಟ್ ಕಳಿಸುವ ಮುನ್ನವೇ 'ಅರವತ್ತು ದಿನದಲ್ಲಿ ಹಣ ಬಾರದಿದ್ದರೆ ಎರಡನೆಯದು ಹೊರಡುವುದಿಲ್ಲ' ಎಂದು ಪಾಲುದಾರರು ಕುಳಿತು ಬರೆದು ಸಹಿ ಹಾಕಿದ್ದರೆ ಆ ಅಂಜಿಕೆಗೆ ಅಷ್ಟು ಬಲ ಇರುತ್ತಿರಲಿಲ್ಲ. ಶುಕ್ರವಾರ ಸಂಜೆ ಹೊಸ ಸಾಫ್ಟ್‌ವೇರನ್ನು ಗ್ರಾಹಕರಿಗೆ ಬಿಡಲೋ ಬೇಡವೋ ಎಂದು ಒದ್ದಾಡುವ ಟೀಮಿಗೂ ಇದೇ ಮಾತು. ಎಷ್ಟು ದೋಷ ಉಳಿದಿದ್ದರೆ ಬಿಡಬಾರದು ಎಂಬುದು ಸೋಮವಾರವೇ ತೀರ್ಮಾನವಾಗಿರಬೇಕು. ಶುಕ್ರವಾರ ಸಂಜೆ ಐದಕ್ಕೆ ಆ ಚರ್ಚೆ ಶುರು ಮಾಡಿದರೆ ಗೆಲ್ಲುವುದು ಗಡುವೇ ಹೊರತು ವಿವೇಕವಲ್ಲ.

ಎರಡನೆಯ ಮಾತು, ಯಾರು ಮೊದಲು ಬಾಯಿ ತೆರೆಯುತ್ತಾರೆ ಎಂಬುದು. ನಮ್ಮ ಆಫೀಸುಗಳ ಮೀಟಿಂಗ್ ಹೇಗೆ ನಡೆಯುತ್ತದೆ? ಸಾಹೇಬರು ಬಂದು ಕೂರುತ್ತಾರೆ. 'ನನಗೆ ಇದು ಮಾಡಬಹುದು ಅನ್ನಿಸುತ್ತೆ, ನೀವೆಲ್ಲ ಏನಂತೀರಿ?' ಎನ್ನುತ್ತಾರೆ. ಅಲ್ಲಿಗೆ ಮೀಟಿಂಗ್ ಮುಗಿದಂತೆ. ಪಕ್ಕದವರು 'ಹೌದು ಸಾರ್, ನೀವು ಹೇಳಿದ್ದು ಸರಿ' ಎನ್ನುತ್ತಾರೆ. ಕೊನೆಯ ಕುರ್ಚಿಯಲ್ಲಿ ಕುಳಿತ, ಆ ಮೆಷಿನ್ನನ್ನು ದಿನಾ ಕೈಯಲ್ಲಿ ಮುಟ್ಟುವ ಹುಡುಗಿಗೆ ಅದು ಆಗುವ ಕೆಲಸವಲ್ಲ ಎಂದು ಗೊತ್ತು. ಅವಳು ಬಾಯಿ ಬಿಡುವುದಿಲ್ಲ. ಹೊರಗೆ ಬಂದು ಕಾಫಿ ಕುಡಿಯುವಾಗ ಗೆಳತಿಯ ಹತ್ತಿರ ಹೇಳುತ್ತಾಳೆ. ಸಂಸ್ಥೆಗೆ ಬೇಕಾಗಿದ್ದ ಮಾಹಿತಿ ಸಂಸ್ಥೆಯೊಳಗೇ ಇತ್ತು, ಮೇಜಿನ ಮೇಲೆ ಮಾತ್ರ ಬರಲಿಲ್ಲ.

ಇದಕ್ಕೆ ಪರಿಹಾರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಾವು ದಿನವೂ ಶಪಿಸುವ ಸರ್ಕಾರಿ ಕಡತದೊಳಗೇ ಅದು ಇದೆ. ಕಡತದ ಟಿಪ್ಪಣಿ ಹಾಳೆಯಲ್ಲಿ ಮೊದಲು ಬರೆಯುವವರು ವಿಷಯ ನಿರ್ವಾಹಕರು. ವಿಷಯ ಏನು, ನಿಯಮ ಏನು ಹೇಳುತ್ತದೆ, ಹಿಂದೆ ಇಂಥ ಪ್ರಕರಣದಲ್ಲಿ ಏನಾಗಿತ್ತು ಎಂದು ಅವರು ಬರೆದು ಸಹಿ ಹಾಕಿದ ಮೇಲೆ ಅಧೀಕ್ಷಕರು, ಅವರಾದ ಮೇಲೆ ಅಧಿಕಾರಿ. ಕೆಳಗಿನವರ ಅಭಿಪ್ರಾಯ ಮೇಲಿನವರ ಇಂಗಿತ ತಿಳಿಯುವ ಮುಂಚೆಯೇ ದಾಖಲಾಗಬೇಕು ಎಂಬ ಬಹಳ ಒಳ್ಳೆಯ ಏರ್ಪಾಡು ಇದು. ಕೆಟ್ಟದ್ದು ಎಲ್ಲಿ ಎಂದರೆ, ಅಧಿಕಾರಿ ಒಳಗೆ ಕರೆದು 'ಹೀಗೆ ಟಿಪ್ಪಣಿ ಬರೆದುಕೊಂಡು ಬಾ' ಎಂದಾಗ. ಆಗ ಕಡತದಲ್ಲಿ ಸಹಿ ಮೂರಿದ್ದರೂ ತಲೆ ಒಂದೇ. ಭಾರತೀಯ ಸೇನೆಯ ಕೋರ್ಟ್ ಮಾರ್ಷಲ್‌ನಲ್ಲೂ ಸದಸ್ಯರ ಅಭಿಪ್ರಾಯವನ್ನು ಅತ್ಯಂತ ಕಿರಿಯ ದರ್ಜೆಯವರಿಂದ ಶುರುಮಾಡಿ ಕೇಳುತ್ತಾರೆ. ನಿಯಮವೇ ಹಾಗಿದೆ. ಆಜ್ಞೆಗೆ ತಲೆಬಾಗುವುದನ್ನೇ ಕಲಿಸುವ ಸೇನೆ ಕೂಡ, ಒಬ್ಬನ ತಪ್ಪು ಒಪ್ಪು ನಿರ್ಧರಿಸುವಾಗ ಹಿರಿಯರು ಕೊನೆಗೆ ಮಾತಾಡಲಿ ಎಂದು ಬರೆದಿಟ್ಟಿದೆ.

ಆಫೀಸಿನಲ್ಲಿ ಇದನ್ನು ಜಾರಿಗೆ ತರಲು ಒಂದು ಚೀಟಿ, ಒಂದು ಪೆನ್ನು ಸಾಕು. ಚರ್ಚೆ ಶುರುವಾಗುವ ಮುನ್ನ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನೋ ಅಂದಾಜನ್ನೋ ಚೀಟಿಯಲ್ಲಿ ಬರೆಯಲಿ. ಎಲ್ಲವನ್ನೂ ಒಟ್ಟಿಗೆ ಓದಲಿ. ಆಮೇಲೆ ಮಾತು. ಇದರಿಂದ ಎಷ್ಟು ವ್ಯತ್ಯಾಸ ಬೆಳಕಿಗೆ ಬರುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಇಬ್ಬರು ಸಹಲೇಖಕರು 2021ರ ತಮ್ಮ 'ನಾಯ್ಸ್' ಪುಸ್ತಕದಲ್ಲಿ ಒಂದು ವಿಮಾ ಕಂಪನಿಯ ಉದಾಹರಣೆ ಕೊಟ್ಟಿದ್ದಾರೆ. ಒಂದೇ ಪ್ರಕರಣವನ್ನು ಹಲವು ನುರಿತ ನೌಕರರಿಗೆ ಬೇರೆ ಬೇರೆಯಾಗಿ ಕೊಟ್ಟು ಪ್ರೀಮಿಯಂ ಎಷ್ಟು ಎಂದು ಕೇಳಿದರು. ಇಬ್ಬರ ಉತ್ತರಗಳ ನಡುವೆ ಶೇ 10ರಷ್ಟು ಅಂತರ ಇದ್ದೀತು ಎಂದು ಮೇಲಧಿಕಾರಿಗಳು ಅಂದುಕೊಂಡಿದ್ದರು. ಕಂಡದ್ದು ಶೇ 55. ನಮ್ಮ ಬ್ಯಾಂಕುಗಳಲ್ಲಿ ಸಾಲದ ಅರ್ಜಿ ನೋಡುವವರಿಗೂ, ಕಂಪನಿಗಳಲ್ಲಿ ಸಂಬಳ ಏರಿಕೆ ನಿರ್ಧರಿಸುವವರಿಗೂ ಒಮ್ಮೆ ಹೀಗೆ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಅರ್ಜಿದಾರನ ಹಣೆಬರಹ ಅವನ ಕಾಗದಪತ್ರಕ್ಕಿಂತ ಅದು ಯಾರ ಮೇಜಿಗೆ ಹೋಯಿತು ಎಂಬುದರ ಮೇಲೆ ನಿಂತಿದ್ದರೆ ಅದು ಅನ್ಯಾಯ. ಅಂತರ ಎಷ್ಟಿದೆ ಎಂದು ತಿಳಿಯದೆ ಅದನ್ನು ಸರಿಪಡಿಸಲಾಗದು.

ಚಂದ್ರಯಾನದ ಕತೆಗೆ ಇನ್ನೂ ಒಂದು ಭಾಗ ಇದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಮುಂದಿನ ನೌಕೆಯನ್ನು ರೂಪಿಸುವಾಗ ಕೈಗೊಂಡ ದಾರಿಯನ್ನು ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಬಹಿರಂಗವಾಗಿಯೇ ವಿವರಿಸಿದರು. ಗೆಲ್ಲಲು ಏನೇನು ಬೇಕು ಎಂದು ಯೋಚಿಸಿ ವಿನ್ಯಾಸ ಮಾಡುವ ಬದಲು, ಏನೇನು ಕೈಕೊಡಬಹುದು ಎಂದು ಮೊದಲು ಪಟ್ಟಿ ಮಾಡಿ, ಹಾಗಾದರೂ ಇಳಿಯುವುದು ಹೇಗೆ ಎಂದು ಯೋಚಿಸಿದರು. ಸೆನ್ಸರ್ ಕೆಟ್ಟರೆ? ಎಂಜಿನ್ ನಿಂತರೆ? ವೇಗ ಲೆಕ್ಕ ತಪ್ಪಿದರೆ? ಅದರ ಫಲವಾಗಿ ಲ್ಯಾಂಡರಿನ ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು. ಮೊದಲು 500 ಮೀಟರ್ ಉದ್ದ, ಅಷ್ಟೇ ಅಗಲ ಇದ್ದ ಇಳಿದಾಣದ ಗುರಿ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರ ಸಂಜೆ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ ಎದ್ದದ್ದನ್ನು ನಾವೆಲ್ಲ ನೋಡಿದ್ದೇವೆ.

ಆಫೀಸಿನ ಮಟ್ಟಕ್ಕೆ ಇದನ್ನು ಇಳಿಸಿಕೊಳ್ಳುವ ವಿಧಾನವೊಂದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟಿದ್ದಾರೆ. ಅದಕ್ಕೆ ಪ್ರೀಮಾರ್ಟಮ್ ಎಂದು ಹೆಸರು. ಯೋಜನೆ ಬಹುಮಟ್ಟಿಗೆ ಒಪ್ಪಿಗೆಯಾಗಿದೆ, ಇನ್ನೂ ಕೆಲಸ ಶುರುವಾಗಿಲ್ಲ. ಆಗ ಎಲ್ಲರನ್ನೂ ಕೂರಿಸಿ ಹೀಗೆ ಹೇಳಬೇಕು: 'ಇವತ್ತಿಗೆ ಒಂದು ವರ್ಷ ಕಳೆದಿದೆ ಅಂದುಕೊಳ್ಳಿ. ನಮ್ಮ ಈ ಯೋಜನೆ ಪೂರ್ತಿ ನೆಲಕಚ್ಚಿದೆ. ಹೇಗೆ ನೆಲಕಚ್ಚಿತು ಅಂತ ಹತ್ತು ನಿಮಿಷ ಬರೆಯಿರಿ.' 'ಸೋಲಬಹುದೇ?' ಎಂದು ಕೇಳುವುದಕ್ಕೂ 'ಸೋತಾಗಿದೆ, ಕಾರಣ ಹೇಳಿ' ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಉತ್ತರ ಹೇಳುವವರು ನಿರಾಶಾವಾದಿ ಎನ್ನಿಸಿಕೊಳ್ಳುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳುವವರು ಜಾಣರು ಎನ್ನಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಇದಕ್ಕೆ ಇನ್ನೂ ಒಂದು ತೊಡಕಿದೆ. ಶುಭಕಾರ್ಯದ ಆರಂಭದಲ್ಲಿ ಕೆಟ್ಟ ಮಾತು ಆಡಬಾರದು ಎಂದು ಬೆಳೆದವರು ನಾವು. ಮಗು ಬಾಯಿತಪ್ಪಿ ಏನಾದರೂ ಅಂದರೆ ಅಜ್ಜಿ 'ಬಿಡ್ತು ಅನ್ನು' ಎನ್ನುತ್ತಿದ್ದಳು. ಪೂಜೆ ಮಾಡಿ ತೆಂಗಿನಕಾಯಿ ಒಡೆದ ದಿನ ಎದ್ದುನಿಂತು 'ಇದು ನಷ್ಟದ ದಾರಿ' ಎನ್ನುವವರು ಯಾರು? ಹೇಳಿದವರಿಗೆ ಮನೆಯಲ್ಲಿ 'ಬಿಡ್ತು', ಆಫೀಸಿನಲ್ಲಿ ವರ್ಗಾವಣೆ. ಅದಕ್ಕೇ ಈ ವಿಧಾನ ನಮಗೆ ಹೆಚ್ಚು ಬೇಕು. ಅಶುಭ ನುಡಿಯಲು ಇದು ಎಲ್ಲರಿಗೂ ಒಟ್ಟಿಗೆ ಅನುಮತಿ ಕೊಡುತ್ತದೆ. ಅದನ್ನೇ ನುಡಿಯಿರಿ ಎಂದು ಕೇಳುತ್ತಿರುವವರು ಸ್ವತಃ ಯಜಮಾನರು.

ಅಂಕಿಅಂಶ ಕೈಯಲ್ಲಿದ್ದೂ ತಪ್ಪುವುದು ಹೇಗೆ ಎಂಬುದಕ್ಕೆ 1986ರ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತಕ್ಕಿಂತ ದೊಡ್ಡ ಪಾಠ ಇಲ್ಲ. ಆ ವರ್ಷದ ಜನವರಿ 27ರ ರಾತ್ರಿ, ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ನಾಸಾದವರೊಂದಿಗೆ ದೂರವಾಣಿ ಸಭೆ ನಡೆಸಿದರು. ನಾಳೆ ಬೆಳಿಗ್ಗೆ ಚಳಿ ವಿಪರೀತ, ಕೀಲುಗಳಲ್ಲಿರುವ ರಬ್ಬರ್ ಉಂಗುರಗಳು ಗಡುಸಾಗಿ ಬಿಸಿ ಅನಿಲ ಸೋರಬಹುದು, ಹಾರಿಸಬೇಡಿ ಎಂದರು. ರೋಜರ್ ಬೊಜೊಲಿ ಎಂಬ ಎಂಜಿನಿಯರ್ ಪಟ್ಟು ಹಿಡಿದು ವಾದಿಸಿದರು. ನಾಸಾ ಅಧಿಕಾರಿಗಳು ಒಪ್ಪಲಿಲ್ಲ. ಕಂಪನಿಯ ಹಿರಿಯರೊಬ್ಬರು ತಾಂತ್ರಿಕ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ತೀರ್ಮಾನ ತಿರುಗಿತು. ಮರುದಿನ ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಗಿ ಏಳು ಜನ ಸತ್ತರು.

ಆ ರಾತ್ರಿಯ ಚರ್ಚೆ ಸಿಕ್ಕಿಬಿದ್ದ ಜಾಗ ಯಾವುದು ಗೊತ್ತೇ? ಉಂಗುರಕ್ಕೆ ಹಾನಿಯಾದ ಹಿಂದಿನ ಹಾರಾಟಗಳನ್ನು ಮಾತ್ರ ಮುಂದಿಟ್ಟುಕೊಂಡು ನೋಡಿದರು. ಚಳಿಯಲ್ಲೂ ಹಾನಿಯಾಗಿದೆ, ಸೆಕೆಯಲ್ಲೂ ಹಾನಿಯಾಗಿದೆ, ಹಾಗಾದರೆ ತಾಪಮಾನಕ್ಕೂ ಇದಕ್ಕೂ ಸಂಬಂಧ ಸ್ಪಷ್ಟವಿಲ್ಲ ಎನ್ನಿಸಿತು. ಹಾನಿಯಾಗದ ಹಾರಾಟಗಳನ್ನೂ ಸೇರಿಸಿಕೊಂಡು ನೋಡಿದವರು ನಂತರ ಬಂದ ತನಿಖಾ ಆಯೋಗದವರು. ಸುಮಾರು 19 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕಿಂತ ಬೆಚ್ಚಗಿದ್ದಾಗ ನಡೆದ 20 ಹಾರಾಟಗಳಲ್ಲಿ ಹಾನಿ ಕಂಡದ್ದು ಮೂರರಲ್ಲಿ. ಸುಮಾರು 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದಾಗ ನಡೆದ ನಾಲ್ಕರಲ್ಲಿ ನಾಲ್ಕೂ ಹಾನಿ. ಚಾಲೆಂಜರ್ ಹಾರಿದ ಬೆಳಿಗ್ಗೆ ಇದ್ದದ್ದು ಸುಮಾರು 2 ಡಿಗ್ರಿ.

ಮರುಪಾವತಿಯಾಗದ ಸಾಲಗಳ ಕಡತವನ್ನಷ್ಟೇ ತೆರೆದು 'ಇಂಥವರಿಗೆ ಸಾಲ ಕೊಡಬಾರದು' ಎಂದು ಷರಾ ಬರೆಯುವ ಬ್ಯಾಂಕ್ ಮ್ಯಾನೇಜರ್ ಮಾಡುವುದೂ ಇದನ್ನೇ. ಅದೇ ಬಗೆಯ ಎಷ್ಟು ಜನ ಸರಿಯಾಗಿ ಕಂತು ಕಟ್ಟಿದ್ದಾರೆ ಎಂದು ಪಕ್ಕದ ಕಪಾಟು ತೆರೆದು ಎಣಿಸಬೇಕು. ಕೆಟ್ಟದ್ದು ಕಣ್ಣಿಗೆ ಹೊಡೆಯುತ್ತದೆ, ಸುಮ್ಮನೆ ಸಾಗಿದ್ದು ಕಾಣುವುದಿಲ್ಲ. ಬಿಟ್ಟುಹೋದ ನೌಕರರ ದೂರುಗಳನ್ನಷ್ಟೇ ಓದುವ ಎಚ್‌ಆರ್‌ನವರಿಗೂ, ಗೆದ್ದ ಉದ್ಯಮಿಗಳ ಕತೆಯನ್ನಷ್ಟೇ ಓದುವ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ.

ಗಡುವಿನ ಅಂದಾಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ನಮ್ಮ ಟೀಮು ಎಷ್ಟು ದಿನದಲ್ಲಿ ಮುಗಿಸುತ್ತೆ?' ಎಂದು ಕೇಳುವ ಮುನ್ನ, ಇಂಥದ್ದೇ ಕೆಲಸ ಬೇರೆಯವರಿಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿ. ನಮ್ಮ ಮೆಟ್ರೊ ಮೊದಲ ಹಂತಕ್ಕೆ 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ರೈಲು ಓಡಿದ್ದು 2011ರ ಅಕ್ಟೋಬರಿನಲ್ಲಿ, 42 ಕಿಲೋಮೀಟರೂ ಪೂರ್ತಿಯಾದದ್ದು 2017ರ ಜೂನ್‌ನಲ್ಲಿ. ಮೆಟ್ರೊ ಬರುತ್ತದೆ ಎಂದು ಅಂಗಡಿಗೆ ಮುಂಗಡ ಕೊಡುವವರು ಫಲಕದ ಮೇಲಿನ ದಿನಾಂಕ ನಂಬುವುದಕ್ಕಿಂತ ಈ ಹನ್ನೊಂದು ವರ್ಷವನ್ನು ನೆನಪಿಟ್ಟುಕೊಳ್ಳುವುದು ಲೇಸು. ಕಾನೆಮನ್ ಅವರ ತಂಡವೇ ತೀರ್ಮಾನಶಾಸ್ತ್ರದ ಬಗ್ಗೆ ಪಠ್ಯಪುಸ್ತಕ ಬರೆಯಲು ಹೊರಟು ಎರಡು ವರ್ಷ ಸಾಕು ಎಂದುಕೊಂಡಿತ್ತು. ಹಿಡಿದದ್ದು ಎಂಟು.

ನೇಮಕಾತಿಯ ವಿಷಯದಲ್ಲಿ ಅದೇ ಕಾನೆಮನ್ 1955ರಲ್ಲಿ, ಇನ್ನೂ ಇಪ್ಪತ್ತೊಂದರ ತರುಣನಾಗಿದ್ದಾಗ, ಇಸ್ರೇಲ್ ಸೇನೆಗೆ ಮಾಡಿಕೊಟ್ಟ ಏರ್ಪಾಡು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಅಭ್ಯರ್ಥಿಯೊಡನೆ ಸುಮ್ಮನೆ ಹರಟಿ 'ಹುಡುಗ ಚೆನ್ನಾಗಿದ್ದಾನೆ' ಎಂದು ಬರೆಯುವುದನ್ನು ನಿಲ್ಲಿಸಿದರು. ಆರು ಗುಣಗಳನ್ನು ಮೊದಲೇ ಆರಿಸಿ, ಪ್ರತಿಯೊಂದಕ್ಕೂ ನಡೆದ ಸಂಗತಿಗಳ ಬಗ್ಗೆ ಪ್ರಶ್ನೆ ಕೇಳಿ, ಒಂದರ ಅಂಕ ಕೊಟ್ಟ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು ಎಂದರು. ಸಂದರ್ಶಕರು ತಮ್ಮನ್ನು ಯಂತ್ರ ಮಾಡುತ್ತಿದ್ದಾರೆ ಎಂದು ಮುನಿದರು. ಹಾಗಾದರೆ ಆರೂ ಅಂಕ ಬರೆದಾದ ಮೇಲೆ ಕಣ್ಣು ಮುಚ್ಚಿ ನಿಮ್ಮ ಮನಸ್ಸಿಗೆ ತೋಚಿದ್ದನ್ನೂ ಕೊಡಿ ಎಂದರು ಕಾನೆಮನ್. ಅಚ್ಚರಿ ಎಂದರೆ, ಹಾಗೆ ಕೊನೆಗೆ ಕೊಟ್ಟ ಅಂಕವೂ ಆರು ಅಂಕಗಳ ಮೊತ್ತದಷ್ಟೇ ನಂಬಿಕೆಗೆ ಅರ್ಹವಾಗಿತ್ತು. ಅಂತಃಪ್ರೇರಣೆಯನ್ನು ಹೊರಗೆ ಹಾಕಬೇಕಾಗಿಲ್ಲ. ಅದರ ಸರದಿ ಕೊನೆಗೆ ಬರಲಿ.

ಎಲ್ಲ ತೀರ್ಮಾನಕ್ಕೂ ಇಷ್ಟೆಲ್ಲ ಬೇಕೇ ಎಂದರೆ, ಖಂಡಿತ ಬೇಡ. ಹಿಂದಕ್ಕೆ ತೆಗೆದುಕೊಳ್ಳಬಹುದಾದ ತೀರ್ಮಾನವನ್ನು ಬೇಗ ಮಾಡಿ, ತಪ್ಪಾದರೆ ಬದಲಾಯಿಸಿ. ಯಾವ ಕಂಪನಿಯ ಪ್ರಿಂಟರ್ ಕೊಳ್ಳಬೇಕು ಎಂದು ಮೂರು ಮೀಟಿಂಗ್ ಮಾಡಿ, ಹತ್ತು ವರ್ಷದ ಬಾಡಿಗೆ ಕರಾರಿಗೆ ಒಂದೇ ಮಧ್ಯಾಹ್ನದಲ್ಲಿ ಸಹಿ ಹಾಕುವ ಆಫೀಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊತ್ತು ಸುರಿಯಬೇಕಾದದ್ದು ವಾಪಸು ಬರಲಾಗದ ದಾರಿಗಳ ಮುಂದೆ.

ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಒಂದು ಅಭ್ಯಾಸ ಹೇಳುತ್ತಿದ್ದರು. ಮುಖ್ಯವಾದ ತೀರ್ಮಾನ ಮಾಡಿದಾಗೆಲ್ಲ, ಏನಾಗುತ್ತದೆ ಎಂದು ನಿರೀಕ್ಷಿಸುತ್ತೀರೋ ಅದನ್ನು ಬರೆದಿಡಿ, ಒಂಬತ್ತೋ ಹನ್ನೆರಡೋ ತಿಂಗಳಾದ ಮೇಲೆ ತೆಗೆದು ನೋಡಿ ಎಂದು. ಬರೆದಿಡದಿದ್ದರೆ ಫಲಿತಾಂಶ ಬಂದ ಮೇಲೆ ನೆನಪು ತಾನಾಗಿ ತಿದ್ದಿಕೊಳ್ಳುತ್ತದೆ. ಗೆದ್ದರೆ 'ನನಗೆ ಮೊದಲೇ ಗೊತ್ತಿತ್ತು', ಸೋತರೆ 'ನಾನು ಆಗಲೇ ಹೇಳಿದ್ದೆ'. ದಿನಾಂಕ, ಆಯ್ಕೆಗಳು, ಆರಿಸಿದ ಕಾರಣ, ನಿರೀಕ್ಷೆ, ಎಷ್ಟು ಖಾತ್ರಿ ಇದೆ ಎಂಬುದು, ಇಷ್ಟಕ್ಕೆ ಅರ್ಧ ಪುಟ ಸಾಕು. ಸರಿಯಾದ ತೀರ್ಮಾನವೂ ಒಮ್ಮೊಮ್ಮೆ ಸೋಲುತ್ತದೆ, ಉಡಾಫೆಯ ತೀರ್ಮಾನವೂ ಒಮ್ಮೊಮ್ಮೆ ಗೆಲ್ಲುತ್ತದೆ. ಇವೆರಡನ್ನು ಬೇರ್ಪಡಿಸಿ ನೋಡಲು ಆ ಅರ್ಧ ಪುಟ ಬೇಕೇಬೇಕು. ಇಲ್ಲದಿದ್ದರೆ ವಾರ್ಷಿಕ ಮೌಲ್ಯಮಾಪನದಲ್ಲಿ ಅದೃಷ್ಟವಂತರಿಗೆ ಬಡ್ತಿ ಕೊಟ್ಟು, ವಿವೇಕಿಗಳನ್ನು ಮೂಲೆಗೆ ತಳ್ಳುತ್ತೇವೆ.

ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಮುನ್ನ ಓದಿ ಖಚಿತಪಡಿಸಿಕೊಳ್ಳಬೇಕಾದ ಒಂದು ಪಟ್ಟಿ ರೂಪಿಸಿತು. ಚಿಕಿತ್ಸಾ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿ ಪರಿಚಯ ಮಾಡಿಕೊಳ್ಳಬೇಕು ಎಂಬುದೂ ಅದರಲ್ಲಿದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅದೇ ಬಗೆಯ ಪಟ್ಟಿ ಕಡ್ಡಾಯವಾಯಿತು. ನೂರೊಂದು ಆಸ್ಪತ್ರೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಇದಕ್ಕೆ ಕಾರಣಗಳ ಬಗ್ಗೆ ವೈದ್ಯರಲ್ಲಿ ವಾದವಿದೆ. ಆದೇಶಕ್ಕಾಗಿ ಟಿಕ್ ಹಾಕುವ ಕಾಗದ ಜೀವ ಉಳಿಸುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಮೇಲೆ ಹೇಳಿದ ಯಾವ ವಿಧಾನವನ್ನೂ ಸುತ್ತೋಲೆ ಹೊರಡಿಸಿ ಜಾರಿಗೆ ತರಲು ಹೋಗಬೇಡಿ. ಅದು ಮತ್ತೊಂದು ಫಾರಂ ಆಗಿ ಕಪಾಟು ಸೇರುತ್ತದೆ.

ಬದಲಿಗೆ, ಯಜಮಾನರ ಕುರ್ಚಿಯಲ್ಲಿ ಕೂರುವವರು ನೀವಾಗಿದ್ದರೆ, ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಅಭಿಪ್ರಾಯವನ್ನು ಕಾಗದದಲ್ಲಿ ಬರೆದು ಮಡಿಸಿ ಜೇಬಿನಲ್ಲಿಟ್ಟುಕೊಳ್ಳಿ, ಕೊನೆಯ ಕುರ್ಚಿಯವರಿಂದ ಮಾತು ಶುರುವಾಗಲಿ, ಅವರು ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ. ಅವರು ಹೇಳಿದ್ದು ನಿಮಗೆ ಹಿಡಿಸದಿದ್ದರೂ, ಹೇಳಿದ್ದಕ್ಕಾಗಿ ಅವರಿಗೆ ಯಾವ ತೊಂದರೆಯೂ ಆಗದಂತೆ ನೋಡಿಕೊಳ್ಳಿ.